ಟ್ರಂಪೆಟ್ಟಿನವರ ಕೋಟು

ಮಾರ್ಚ್ ೯, ಸೋಮವಾರ

ಪ್ರೀತಿಯ ಗುಂಡಿ,

ನೀನು, ನಿನ್ನ ಹೆಂಡತಿ, ಮಗಳು ಎಲ್ಲರೂ ಕ್ಷೇಮವೆಂದುಕೊಂಡಿದ್ದೇನೆ. ನಾನೂ ಕ್ಷೇಮ, ಯಾರಾದರೂ ಕೇಳಿದರೆ ಹಾಗೆ ಹೇಳುವಷ್ಟು ಕ್ಷೇಮ. ಇಷ್ಟು ದಿನ ಬರೆಯದೆ ಇದ್ದುದಕ್ಕೆ ಬೇಸರಿಸಬೇಡ. ಕೆಲಸ ಜಾಸ್ತಿ ಇತ್ತು ಎಂದು ಬರೆಯಬಹುದಿತ್ತು, ನೀನು ನಂಬುತ್ತಲೂ ಇದ್ದೆ. ನಂಬುವುದು ನಿನಗೆ ಮೊದಲಿಂದಲೂ ಸುಲಭ. ನಿಜವೆಂದರೆ, ಬರೆಯಲು ಕೂತಾಗಲೆಲ್ಲ ಎದ್ದುಬಿಟ್ಟೆ. ಇಸ್ತ್ರಿಪೆಟ್ಟಿಗೆ ಆರಿಸಿದ್ದೇನೆಯೇ ಎಂದು ನೋಡಿಬಂದೆ. ಆರಿಸಿತ್ತು. ಕೂತೆ. ಬಾಗಿಲಿನ ಚಿಲಕ ನೋಡಿಬಂದೆ. ಹಾಕಿತ್ತು. ಹೀಗೆ.

ನಡುವಯಸ್ಸು ದಾಟುತ್ತಿರುವ ಮನುಷ್ಯನನ್ನು, ಅದೂ ಒಂದು ಸಭೆಯ ಪಾದ್ರಿಯನ್ನು, ಗುಂಡಿ ಎಂದು ಕರೆಯಬಾರದೆಂದು ನಿನ್ನ ಹೆಂಡತಿ ಹೇಳಿದ್ದು ನೆನಪಿದೆ. ಆದರೆ ಏನು ಮಾಡಲಿ, ಮಗುವಾಗಿದ್ದಾಗ ಗಿರಾಕಿಯ ಶರ್ಟಿನ ಗುಂಡಿ ನುಂಗಿದವನು ನೀನು. ಅದು ಹೊರಬರುವವರೆಗೆ ಕಾದು, ತೊಳೆದು, ಅದೇ ಶರ್ಟಿಗೆ ಹೊಲಿದು ಕೊಟ್ಟವರು ಅಪ್ಪ. 'ಬೇರೆ ಗುಂಡಿ ಹಾಕಿದ್ರೆ ಆಗ್ತಿರಲಿಲ್ವಾ?' ಎಂದು ಅಮ್ಮ ಕೇಳಿದಳಂತೆ. 'ಅದು ಅವರದು' ಎಂದರಂತೆ ಅಪ್ಪ. ಈ ಕಥೆ ನಮ್ಮನೆಯಲ್ಲಿ ಎಷ್ಟು ಸಲ ನಗಿಸಿದೆ! ಈಗ ಬರೆಯುವಾಗ ನಗು ಬರುತ್ತಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ನೀನು ಚರ್ಚಿನಲ್ಲಿ ಮಾಡಿ ಕಳುಹಿಸಿದ ಪ್ರಸಂಗದ ರೆಕಾರ್ಡಿಂಗ್ ಕೇಳಿದೆ. ಅಂಗಡಿಯಲ್ಲಿ ಇಸ್ತ್ರಿ ಮಾಡುತ್ತಲೇ ಕೇಳಿದೆ, ತಪ್ಪು ತಿಳಿಯಬೇಡ. ಅಪ್ಪನ ಪ್ರಸಂಗಗಳನ್ನೂ ನಾನು ಕೇಳಿದ್ದು ಹಾಗೆಯೇ. ಶನಿವಾರ ಅವರು ಕಾಲರುಗಳ ಮೇಲೆ ಪೆಟ್ಟಿಗೆ ಎಳೆಯುತ್ತ ಭಾನುವಾರ ಚರ್ಚಿನಲ್ಲಿ ಹೇಳುವ ಮಾತನ್ನು ಅಭ್ಯಾಸ ಮಾಡುತ್ತಿದ್ದರಲ್ಲ. ನಿನ್ನ ಧ್ವನಿ ಅವರದರಂತೆಯೇ ಆಗುತ್ತಿದೆ. ಕೊನೆಯ ಗಳಿಗೆಯಲ್ಲಿ ಅಪ್ಪ ಫೋನಿನಲ್ಲಿ ನಿನಗೆ ಹೇಳಿದ ಆ ಒಂದೇ ಪದ, 'ಸರಿ', ಅದರ ಮೇಲೆ ಇಡೀ ಪ್ರಸಂಗ ಕಟ್ಟಿದ್ದೀಯ. 'ಮಗನಾಗಿ ನಾನು ಏನೂ ಮಾಡಿರಲಿಲ್ಲ. ಅವರ ಹಾಸಿಗೆಯ ಪಕ್ಕದಲ್ಲೂ ಇರಲಿಲ್ಲ. ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದೆ. ಆದರೂ ಅವರು ಸರಿ ಅಂದರು. ಕೃಪೆ ಅಂದರೆ ಇದೇ' ಎಂದು ಹೇಳಿ ನೀನು ನಿಲ್ಲಿಸಿದಾಗ ಸಭೆಯಲ್ಲಿ ಯಾರೋ ಮೂಗು ಸೀಟಿದ್ದು ಕೂಡ ಕೇಳಿಸಿತು.

ನಮ್ಮ ದೊಡ್ಡಮ್ಮನೂ ಅತ್ತಳು. ಹಿಂದಿನ ಕೋಣೆಯಲ್ಲಿ ಕಲೆ ತೆಗೆಯುವವಳು. ನೆಂಟಸ್ತಿಕೆಯಿಂದ ಯಾರಿಗೂ ದೊಡ್ಡಮ್ಮನಲ್ಲ, ಬೀದಿಗೆಲ್ಲ ದೊಡ್ಡಮ್ಮ. ಸೋಪಿನ ಕೈಯಲ್ಲೇ ಕಣ್ಣೊರೆಸಿಕೊಂಡು ಇನ್ನಷ್ಟು ಅತ್ತಳು. 'ನಿನ್ನ ತಮ್ಮ ಕಲ್ಲನ್ನೂ ಅಳಿಸ್ತಾನೆ' ಎಂದಳು. ನನ್ನ ಮುಖ ನೋಡಿ, 'ಎಲ್ಲಾ ಕಲ್ಲನ್ನೂ ಅಲ್ಲ' ಎಂದು ಸೇರಿಸಿದಳು.

ಇನ್ನು ಸುತ್ತಿ ಬಳಸುವುದಿಲ್ಲ. ಅಪ್ಪನನ್ನು ನಾವು ಬೇರೆಯವರ ಕೋಟಿನಲ್ಲಿ ಮಣ್ಣು ಮಾಡಿದ್ದೇವೆ.

ಅಂಗಡಿಯ ರೂಢಿ ನಿನಗೆ ಮರೆತಿರಬಹುದು. ಬಟ್ಟೆ ಬಂದ ಕೂಡಲೇ ಕಾಲರಿನ ಒಳಗೆ ಬಣ್ಣದ ದಾರದಲ್ಲಿ ಒಂದು ಹೊಲಿಗೆ ಹಾಕುತ್ತೇವೆ, ಒಬ್ಬೊಬ್ಬರಿಗೆ ಒಂದೊಂದು ಗುರುತು. ಬೇರೆಯವರು ಚೀಟಿ ಅಂಟಿಸುತ್ತಾರೆ, ನಾವು ಮಾತ್ರ ದಾರ. ಕೊಡುವ ದಿನ ಆ ದಾರ ಬಿಚ್ಚಲೇಬೇಕು. ಅದು ಅಪ್ಪನ ಹಟ. 'ಇದು ನಮ್ಮ ಕೈಗೆ ಬಂದಿತ್ತು ಅನ್ನೋ ಗುರುತೂ ಇರಬಾರದು. ಹೊಲಿಸಿದ ದಿನ ಇದ್ದ ಹಾಗೆ ಹೋಗ್ಬೇಕು' ಎನ್ನುತ್ತಿದ್ದರು. ಮನೆಯವರ ಬಟ್ಟೆಗೆ ದಾರವೇ ಇಲ್ಲ. ದಾರವಿಲ್ಲದ್ದು ಎಂದರೆ ನಮ್ಮದು. ಕಣ್ಣು ಮುಚ್ಚಿಕೊಂಡು ಹೇಳಬಹುದಿತ್ತು.

ಅವತ್ತು ಬೆಳಿಗ್ಗೆ ನಮ್ಮ ಗಿರಾಕಿ ಟ್ರಂಪೆಟ್ಟಿನವರ ಕಪ್ಪು ಕೋಟಿನ ದಾರ ಬಿಚ್ಚಿದ್ದೆ, ಸಂಜೆ ಒಯ್ಯುತ್ತೇನೆ ಎಂದಿದ್ದರು. ಮಧ್ಯಾಹ್ನ ಅಪ್ಪ ಹೋದರು. ಶವಪೆಟ್ಟಿಗೆಯವರು ಬಂದು 'ಬಟ್ಟೆ ಕೊಡಿ' ಎಂದಾಗ ಕಂಬಿಯ ಮೇಲೆ ದಾರವಿಲ್ಲದ ಎರಡು ಕಪ್ಪು ಕೋಟುಗಳು ಪಕ್ಕಪಕ್ಕದಲ್ಲಿ ತೂಗುತ್ತಿದ್ದವು. ಒಂದನ್ನು ತೆಗೆದೆ. ಒಂದು ಇದ್ದಲ್ಲಿ ಎರಡಿರಬಹುದೆಂದು ಹೊಳೆಯಲೇ ಇಲ್ಲ.

ಮಾರನೆಯ ದಿನ ನೀನು ಬಂದು ಶವಪೆಟ್ಟಿಗೆಯ ಪಕ್ಕ ನಿಂತು, 'ಅಕ್ಕಾ, ಕೋಟಿನೊಳಗೆ ಅಪ್ಪ ಎಷ್ಟು ಚಿಕ್ಕವರಾಗಿಬಿಟ್ಟಿದಾರೆ ನೋಡು' ಎಂದು ಅತ್ತೆ. ಕಾಯಿಲೆ ಅವರನ್ನು ಅಷ್ಟು ಕರಗಿಸಿದೆಯೆಂದು ನಾನೂ ಅತ್ತೆ. ಕೋಟು ದೊಡ್ಡದಿತ್ತು, ಅಷ್ಟೇ.

ಕೆಳಗೆ ಗಿರಾಕಿ ಬಂದ ಗಂಟೆ. ಉಳಿದದ್ದು ಆಮೇಲೆ.

ಗುರುವಾರ

ಸೋಮವಾರ ನಿಲ್ಲಿಸಿದ್ದನ್ನು ಇವತ್ತು ಮುಂದುವರಿಸುತ್ತಿದ್ದೇನೆ. ನಡುವೆ ಎರಡು ಸಲ ಹರಿದು ಹಾಕಬೇಕೆನಿಸಿತು.

ಟ್ರಂಪೆಟ್ಟಿನವರು ಮದುವೆಗಳಲ್ಲಿ, ಹೋಟೆಲುಗಳಲ್ಲಿ ಊದುವ ಬ್ಯಾಂಡಿನವರು. ಆಳೆತ್ತರದ ಮನುಷ್ಯ, ಊದಿ ಊದಿ ಕೆನ್ನೆ ಸಡಿಲವಾಗಿವೆ. ಮುಂದಿನ ಹಲ್ಲೊಂದನ್ನು ಕೀಳಿಸಿಕೊಂಡು ಬಾಯಿ ಬಾತು, ಊದಲಾಗದೆ ಮನೆಯಲ್ಲಿದ್ದರಂತೆ. ಅದಕ್ಕೇ ಕೋಟು ಒಯ್ಯಲು ಇಷ್ಟು ತಡ. ಹೋದ ತಿಂಗಳು ಬಂದರು. ಅಪ್ಪನ ವಿಷಯಕ್ಕೆ ಎರಡು ಒಳ್ಳೆಯ ಮಾತಾಡಿ ರಸೀದಿ ಕೊಟ್ಟರು. ಕಂಬಿಯ ಮೇಲಿದ್ದ ಕೋಟು ತಂದುಕೊಟ್ಟೆ. ಅಲ್ಲೇ ತೊಟ್ಟು ನೋಡಿದರು. ಮುಂಗೈಯೆಲ್ಲ ಹೊರಗೆ.

'ಇದೇನು, ಬಿಸಿನೀರಲ್ಲಿ ಹಾಕಿಬಿಟ್ರಾ?'

'ನಿಮ್ಮ ಕೈಯೇ ಬೆಳೆದಿರ್ಬೇಕು' ಎಂದಳು ದೊಡ್ಡಮ್ಮ ಒಳಗಿನಿಂದ.

ಅವರು ನಗುತ್ತ ತೋಳೆತ್ತಿದರು. ಬಲ ಮೊಣಕೈಯಲ್ಲಿ ಬಟ್ಟೆ ಸವೆದು ಹೊಳೆಯುತ್ತಿತ್ತು. ಆ ಹೊಳಪು ನಿನಗೂ ಗೊತ್ತು. ಪ್ರಸಂಗದ ಮೇಜಿಗೆ ಅಪ್ಪ ಮೊಣಕೈ ಊರುತ್ತಿದ್ದ ಜಾಗ. ಗುಂಡಿ, ಅದು ಅಪ್ಪನ ಕೋಟು. ದೊಡ್ಡಮ್ಮ ಬಾಗಿಲಿಗೆ ಬಂದು ನೋಡಿದಳು. 'ಹೋಯ್ತು' ಎಂದಳು. ಸೋಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಹೇಳಿದೆ. ಏನೇನು ಪದ ಬಳಸಿದೆನೋ. ಅವರು ಅಪ್ಪನ ಕೋಟನ್ನು ಮೆಲ್ಲಗೆ ಬಿಚ್ಚಿ, ಮಡಿಸಿ, ಕಟ್ಟೆಯ ಮೇಲಿಟ್ಟರು. ಸ್ವಲ್ಪ ಹೊತ್ತು ಕೆನ್ನೆ ಉಬ್ಬಿಸಿ ಗಾಳಿ ಬಿಟ್ಟರು.

'ಅಂದ್ರೆ ನಿಮ್ಮಪ್ಪ ಈಗ ನನ್ನ ಕೋಟಲ್ಲಿದಾರೆ.'

'ಹೌದು.'

'ಒಳಜೇಬಲ್ಲಿ ನನ್ನ ಟ್ರಂಪೆಟ್ಟಿನ ಮೌತ್‌ಪೀಸ್ ಏನಾದ್ರೂ ಇತ್ತಾ?'

'ಇಲ್ಲ. ಜೇಬು ನೋಡಿದ್ದೆ.'

'ಛೆ. ಇರಬೇಕಿತ್ತು. ಲೋಕದ ಕೊನೇ ದಿನ ಸತ್ತವರನ್ನ ಎಬ್ಬಿಸೋಕೆ ಕಹಳೆ ಊದ್ತಾರಂತಲ್ಲ, ಅಲ್ಲಿ ಒಬ್ಬರು ಕಡಿಮೆ ಬಿದ್ರೆ ನಿಮ್ಮಪ್ಪ ನನ್ನ ಬದಲಿಗೆ ನಿಲ್ಲಬಹುದಿತ್ತು.' ತಾವೇ ನಕ್ಕರು. ನಾನು ನಗಲಿಲ್ಲ. ಆಮೇಲೆ ಹೇಳಿದರು, 'ಸರಿ ಬಿಡಿ.'

ಅಷ್ಟೇ. ಟೋಪಿ ಹಾಕಿಕೊಂಡು ಹೋದರು. ಬರಿಗೈಯಲ್ಲಿ.

ಇಲ್ಲಿಗೆ ಮುಗಿಯಬೇಕಿತ್ತು ಎಂದು ನೀನು ಹೇಳುತ್ತೀಯ. ನಿನಗಾಗಿದ್ದರೆ ಮುಗಿಯುತ್ತಿತ್ತು.

ನನಗೆ ಆ 'ಸರಿ' ಅಂಗಡಿಯಲ್ಲೇ ಉಳಿಯಿತು. ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ. ಒಂದು ಬಟ್ಟೆಯಾಗಿದ್ದರೆ ಹ್ಯಾಂಗರಿಗೆ ಹಾಕಬಹುದಿತ್ತು. ಏನೂ ಮಾಡದೆ ಸರಿ ಹೇಗೆ ಆಗುತ್ತದೆ? ಸುಮ್ಮನೆ ಬಾಯಿಮಾತಿಗೆ ಅಂದಿರಬೇಕು. ಸಾವಿನ ಮನೆಯವಳೆಂದು ಅಂದಿರಬೇಕು. ಹೆಂಡತಿಗೆ ಹೇಳಿ ಬೈಸಿಕೊಂಡು ನಾಳೆ ಮತ್ತೆ ಬರುತ್ತಾರೆ ಎಂದು ಕಾದೆ. ಬರಲಿಲ್ಲ. ಅದು ಇನ್ನೂ ಕೆಟ್ಟದ್ದು. ತಳವಿಲ್ಲದ ಬಾವಿಗೆ ಕೊಡ ಬಿಟ್ಟ ಹಾಗೆ, ಆ ಮಾತು ಒಳಗೆ ಇಳಿಯುತ್ತಲೇ ಇತ್ತು.

ಇಲ್ಲಿನ ಹೊಸ ಪಾದ್ರಿಯ ಹತ್ತಿರ ಹೋಗಿ ಅಪ್ಪನ ಗೋರಿ ಅಗೆಸಿ ಕೋಟು ತೆಗೆಸಲು ಆಗುತ್ತದೆಯೇ ಎಂದು ಕೇಳಿದೆ. ಹೌದು, ಕೇಳಿದೆ. ಹುಡುಗು ಮುಖದ ಮನುಷ್ಯ. ಮೊದಲು ಗಾಬರಿಯಾದ, ಪೂರ್ತಿ ಕೇಳಿದ ಮೇಲೆ ಅವನ ಕಣ್ಣು ಹೊಳೆಯಿತು. 'ಅಕ್ಕಾ, ನಿಮ್ಮ ತಂದೆಯ ಪ್ರಸಂಗವೇ ನೆರವೇರಿತಲ್ಲ!' ಎಂದ. ಯಾವ ಪ್ರಸಂಗವೆಂದು ನಿನಗೆ ಹೇಳಬೇಕಾಗಿಲ್ಲ. ಅಪ್ಪ ವರ್ಷಕ್ಕೊಮ್ಮೆಯಾದರೂ ಅದನ್ನು ಹೊರಗೆ ತೆಗೆಯುತ್ತಿದ್ದರು: 'ಜೀವಮಾನ ಕಲೆ ತೆಗೆದವನು ಹೇಳ್ತೀನಿ ಕೇಳಿ. ಕೆಲವು ಕಲೆ ಹೋಗಲ್ಲ. ಉಜ್ಜಿದಷ್ಟೂ ಬಟ್ಟೆ ಹರಿಯುತ್ತೆ, ಕಲೆ ಇರುತ್ತೆ. ಪರಲೋಕಕ್ಕೆ ಸ್ವಂತ ಕೋಟು ಹಾಕ್ಕೊಂಡು ಯಾರೂ ಒಳಗೆ ಹೋಗಲ್ಲ. ದೇವರ ಮಗನ ಕೋಟು ಹಾಕ್ಕೊಂಡು ಹೋಗ್ಬೇಕು. ಅಪ್ಪ ಬಾಗಿಲಲ್ಲಿ ನಿಂತು ಕೋಟು ನೋಡ್ತಾನೆ, ಸರಿ, ಒಳಗೆ ಬಾ ಅಂತಾನೆ.'

'ಆ ಮಗ ತಾನಾಗಿ ಕೊಟ್ಟ ಕೋಟು ಅದು. ಇದು ನಾನು ಕೇಳದೆ ತಗೊಂಡಿದ್ದು' ಎಂದು ಪಾದ್ರಿಗೆ ಹೇಳಿದೆ. ಪ್ರಾರ್ಥನೆ ಮಾಡೋಣ ಎಂದ. ಮಾಡಿದ. ನಾನು ಕಣ್ಣು ತೆರೆದುಕೊಂಡೇ ಇದ್ದೆ, ಅವನ ಕಾಲರು ಎಷ್ಟು ಕೆಟ್ಟದಾಗಿ ಇಸ್ತ್ರಿಯಾಗಿದೆ ಎಂದು ನೋಡುತ್ತ.

ಆಮೇಲೆ ನಾನು ಮಾಡಿದ್ದನ್ನೆಲ್ಲ ಬರೆದರೆ ನೀನು ನಗುತ್ತೀಯ. ಅಪ್ಪನ ಕೋಟಿನ ತೋಳಿನ ಒಳಮಡಿಕೆ ಬಿಚ್ಚಿ ಉದ್ದ ಮಾಡಿದೆ. ಇಷ್ಟು ವರ್ಷ ಒಳಗಿದ್ದ ಬಟ್ಟೆ ಅಚ್ಚ ಕಪ್ಪು, ಹೊರಗಿನದು ಬೂದು. ತೋಳಿಗೆ ಪಟ್ಟಿ ಕಟ್ಟಿದ ಹಾಗೆ ಕಂಡಿತು. ಆದರೂ ಹೊತ್ತುಕೊಂಡು ಅವರ ಮನೆಗೆ ಹೋದೆ. ಚಪ್ಪಲಿ ಅಂಗಡಿಯ ಮೇಲಿನ ಮನೆ, ಕಿರಿದಾದ ಮೆಟ್ಟಿಲು, ಮೆಟ್ಟಿಲಿಗೆಲ್ಲ ಚರ್ಮದ ವಾಸನೆ. ನೆರೆಯವರಿಗೆ ತೊಂದರೆಯಾಗದಿರಲೆಂದು ಟ್ರಂಪೆಟ್ಟಿನ ಬಾಯಿಗೆ ಕಾಲುಚೀಲ ತುರುಕಿ ಅಭ್ಯಾಸ ಮಾಡುತ್ತಿದ್ದರು. ನನ್ನನ್ನು ಕೂರಿಸಿ ಚಹಾ ಕೊಡಿಸಿದರು. ಕೋಟು ನೋಡಿ, 'ಇದು ನಿಮ್ಮಪ್ಪನ ನೆನಪು, ಮನೇಲಿಟ್ಕೊಳಿ' ಎಂದರು.

ಮತ್ತೆ ಹೋದೆ, ಹೊಸ ಬಟ್ಟೆಯ ತುಂಡು ಹಿಡಿದುಕೊಂಡು. 'ಬೇಡ' ಎಂದರು. ಮತ್ತೆ ಹೋದೆ, ದರ್ಜಿಯನ್ನೇ ಕರೆದುಕೊಂಡು. ದರ್ಜಿ ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದ. ಟ್ರಂಪೆಟ್ಟಿನವರು ಬಾಗಿಲು ಅರ್ಧ ತೆರೆದು ಅವನಿಗೆ, 'ನಿಮ್ಮ ತಪ್ಪಿಲ್ಲಪ್ಪ, ಚಹಾ ಕುಡಿದು ಹೋಗಿ' ಎಂದರು.

ಇಷ್ಟಾದರೂ ನಿಲ್ಲಿಸುತ್ತಿದ್ದೆನೋ ಏನೋ. ಆದರೆ ಹೋದ ವಾರ ಹೋಟೆಲಿಗೆ ಮೇಜುಬಟ್ಟೆ ತಲುಪಿಸಲು ಹೋದಾಗ ಮದುವೆಯ ಊಟ ನಡೆಯುತ್ತಿತ್ತು. ಬಾಗಿಲ ಸಂದಿಯಿಂದ ನೋಡಿದೆ. ಬ್ಯಾಂಡಿನವರೆಲ್ಲ ಕಪ್ಪು ಕೋಟಿನಲ್ಲಿ ಮುಂದೆ ನಿಂತಿದ್ದರು. ಇವರೊಬ್ಬರೇ ಬಿಳಿ ಶರ್ಟಿನಲ್ಲಿ, ಡ್ರಮ್ಮಿನ ಹಿಂದೆ, ಯಾರಿಗೂ ಕಾಣದ ಹಾಗೆ. ಎತ್ತರದ ಮನುಷ್ಯ, ಮಂಡಿ ಸ್ವಲ್ಪ ಬಗ್ಗಿಸಿಕೊಂಡು ಊದುತ್ತಿದ್ದರು. ಆ ಬಗ್ಗಿದ ಮಂಡಿಯನ್ನು ನೋಡಿದ ಮೇಲೆ 'ಸರಿ ಬಿಡಿ' ಎನ್ನುವುದಕ್ಕೆ ಎಲ್ಲಿ ಜಾಗ ಕೊಡಲಿ? ಅವರಿಗೆ ನಷ್ಟವಾಗಿದೆ. ನಷ್ಟವಾದದ್ದನ್ನು ಸರಿ ಎನ್ನುತ್ತಿದ್ದಾರೆ. ಇದು ಸುಳ್ಳಲ್ಲವೇ?

ಸಂಜೆ ನೇರ ಅವರ ಮನೆಗೇ ಹೋದೆ. ಅಪ್ಪನ ಕೋಟು ಮತ್ತೆ ಕೈಯಲ್ಲಿತ್ತು. ಬಾಗಿಲು ತೆರೆದರು. ಕೋಟು ನೋಡಿದರು. ಮುಖ ಕೆಂಪಾಯಿತು.

'ಏನಮ್ಮ ನಿಮ್ಮ ಗೋಳು?'

'ನೀವು ಹಿಂದೆ ನಿಂತು ಊದಿದ್ದು ನೋಡಿದೆ.'

'ನಿಂತೆ. ನಿಲ್ತೀನಿ ಅಂತ ಗೊತ್ತಿದ್ದೇ ಸರಿ ಅಂದೆ. ಗೊತ್ತಿಲ್ದೆ ಅಂದಿದ್ನಾ? ನಾನೇನು ಮಗುವಾ?'

'ಇಲ್ಲ, ಆದ್ರೆ ನನ್ನಿಂದ ನಿಮಗೆ...'

'ಕೇಳಿ ಇಲ್ಲಿ. ನಾನು ಒಂದ್ಸಲ ಸರಿ ಅಂದೆ. ನೀವು ವಾರವಾರ ಬಂದು ಬಾಗಿಲು ತಟ್ತಾ ಇದೀರಿ. ಕೋಟು ತೀರಿಸೋಕೆ ಬರ್ತಿದೀನಿ ಅನ್ಕೊಂಡಿದೀರಾ? ಅಲ್ಲ. ನನ್ನ ಮಾತು ವಾಪಸ್ ಕೊಡೋಕೆ ಬರ್ತಿದೀರಿ. ತಗೊಳಿ ನಿಮ್ಮ ಸರಿ, ನಂಗೆ ಬೇಡ, ಖೋಟಾ ಇದ್ರೂ ಇರಬಹುದು, ಅಂತ. ನನ್ನ ಮಾತಿಗೆ ಅಷ್ಟೂ ಬೆಲೆ ಇಲ್ವಾ?'

ಬಾಗಿಲು ಹಾಕಿಬಿಟ್ಟರು. ಒಳಗೆ ಕಾಲುಚೀಲ ತುರುಕದೆಯೇ ಊದಿದರು, ಒಂದೇ ಸ್ವರ, ಇಡೀ ಬೀದಿಗೆ ಕೇಳುವಂತೆ.

ಅವರ ಹೆಂಡತಿ ಹಿಂದಿನಿಂದ ಬಂದು ಮೆಟ್ಟಿಲಲ್ಲಿ ನನ್ನನ್ನು ಹಿಡಿದರು. 'ಬೇಜಾರು ಮಾಡ್ಕೋಬೇಡಿ. ಆದ್ರೆ ಒಂದು ಮಾತು. ಅವರು ಸುಲಭಕ್ಕೆ ಸರಿ ಅನ್ನೋ ಪೈಕಿ ಅಲ್ಲ. ನಾನು ಮಾಡಿದ ಸಾರಿಗೆ ಇವತ್ತಿನವರೆಗೂ ಸರಿ ಅಂದಿಲ್ಲ. ನಿಮಗೆ ಸಿಕ್ಕಿದೆ. ಇಟ್ಕೊಳಿ, ಹೋಗಿ.'

ಭಾನುವಾರ ಮಧ್ಯಾಹ್ನ

ಈಗಷ್ಟೇ ಚರ್ಚಿನಿಂದ ಬಂದೆ. ನನ್ನ ಜಾಗ ಹಿಂದಿನ ಬೆಂಚೇ, ಬದಲಾಗಿಲ್ಲ. ಬಾಗಿಲಿಗೆ ಹತ್ತಿರ, ಏಳಬೇಕೆನಿಸಿದರೆ ಏಳಬಹುದು.

ಚರ್ಚಿನ ಭಾಷೆ ನನಗೆ ಯಾವತ್ತೂ ಭಾನುವಾರ ಮಾತ್ರ ಬರುವ ಗಿರಾಕಿಯ ಹಾಗೆ. ನೀತಿವಂತರೆಂದು ಎಣಿಸಲ್ಪಡುವುದು, ನಿರ್ಣಯಿಸಲ್ಪಡುವುದು. ಅಪ್ಪ ಅದನ್ನು ಅಂಗಡಿಯ ಮಾತಿಗೆ ಇಳಿಸಿದ್ದರು. 'ಸರಿ ಆಗೋದು ಬೇರೆ, ಸರಿ ಅನ್ನಿಸಿಕೊಳ್ಳೋದು ಬೇರೆ. ಎಲ್ಲರೂ ಮೊದಲು ಆಗಿ, ಆಮೇಲೆ ಅನ್ನಿಸ್ಕೋಬೇಕು ಅನ್ಕೋತಾರೆ. ಉಲ್ಟಾ. ಮೊದಲು ಅನ್ನಿಸಿಕೊಳ್ಳೋದು. ಆಗೋದು ಆಮೇಲೆ, ನಿಧಾನಕ್ಕೆ. ಅನ್ನಿಸ್ಕೊಂಡಿದೀನಿ ಅಂತ ನಂಬೋದೇ ನಂಬಿಕೆ' ಎನ್ನುತ್ತಿದ್ದರು. ಜನ ತಲೆದೂಗುತ್ತಿದ್ದರು. ನೀನು ಮುಂದಿನ ಬೆಂಚಿನಲ್ಲಿ ಕೂತು ಅವರ ಬಾಯನ್ನೇ ನೋಡುತ್ತಿದ್ದೆ.

ಸೋಮವಾರ ನೀನು ಶಾಲೆಗೆ ಹೋಗುತ್ತಿದ್ದೆ. ನಾನು ಇಸ್ತ್ರಿ ಹಲಗೆಯ ಮುಂದೆ ನಿಲ್ಲುತ್ತಿದ್ದೆ. ನನ್ನ ಕೈಯಿಂದ ಮುಗಿದ ಶರ್ಟನ್ನು ಅಪ್ಪ ಬೆಳಕಿಗೆ ಹಿಡಿಯುತ್ತಿದ್ದರು. ಕಾಲರಿನ ತುದಿಯ ಮೇಲೆ ಹೆಬ್ಬೆರಳು ಓಡಿಸುತ್ತಿದ್ದರು. 'ಇನ್ನೊಂದ್ಸಲ' ಎನ್ನುತ್ತಿದ್ದರು. ಮತ್ತೆ ನೀರು ಚಿಮುಕಿಸಿ, ಮತ್ತೆ ಪೆಟ್ಟಿಗೆ. ಚೆನ್ನಾಗಿದ್ದರೆ ಏನೂ ಹೇಳುತ್ತಿರಲಿಲ್ಲ, ಹ್ಯಾಂಗರಿಗೆ ಹಾಕಿಬಿಡುತ್ತಿದ್ದರು. ಅವರು ಏನೂ ಹೇಳದಿದ್ದುದೇ ನಮ್ಮಂಗಡಿಯ ಪ್ರಶಸ್ತಿ. ದೊಡ್ಡವಳಾದ ಮೇಲೂ ಹಾಗೆಯೇ. ಅಂಗಡಿಯನ್ನು ನನ್ನ ಕೈಗೆ ಕೊಟ್ಟು ಕುರ್ಚಿಯಲ್ಲಿ ಕೂತ ಮೇಲೂ, ಕೊಡುವ ಮುಂಚೆ ಕಾಲರು ಅವರ ಹೆಬ್ಬೆರಳಿನ ಕೆಳಗೆ ಹಾದುಹೋಗಲೇಬೇಕಿತ್ತು.

ಒಮ್ಮೆ ಕೇಳಿಯೇಬಿಟ್ಟೆ. 'ಅಪ್ಪಾ, ನಿನ್ನೆ ಅಲ್ಲಿ ಏನೂ ಮಾಡದೇನೇ ಸರಿ ಅಂತಾರೆ ಅಂದ್ರಿ. ಇಲ್ಲಿ ಬೆಳಿಗ್ಗೆಯಿಂದ ಇದೇ ಶರ್ಟು ನಾಲ್ಕನೇ ಸಲ.'

ಅಪ್ಪ ನಕ್ಕರು. 'ಅದು ದೇವರ ಅಂಗಡಿ ಮಗಳೇ. ಇದು ನಮ್ಮದು. ಇಲ್ಲಿ ಗಿರಾಕಿ ವಾಪಸ್ ಬರ್ತಾನೆ.'

ದೊಡ್ಡಮ್ಮನಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಈಗಲೂ ಹೇಳಿ ನಗುತ್ತಾಳೆ. ನಾನೂ ನಕ್ಕಿದ್ದೆ. ಆದರೆ ಅವತ್ತಿನಿಂದ ನನಗೆ ಎರಡು ಅಂಗಡಿಗಳಾದವು. ಭಾನುವಾರದ ಅಂಗಡಿಯಲ್ಲಿ ನನ್ನ ಕೆಲಸವಿಲ್ಲ, ಸೋಮವಾರದ ಅಂಗಡಿಯಲ್ಲಿ ಕೃಪೆಯ ಕೆಲಸವಿಲ್ಲ. ಒಂದರಿಂದ ಇನ್ನೊಂದಕ್ಕೆ ಬಾಗಿಲು ಎಲ್ಲಿದೆಯೆಂದು ಯಾರೂ ತೋರಿಸಲಿಲ್ಲ. ಅಪ್ಪ ಅವರಿಗೇ ಗೊತ್ತಿತ್ತೋ ಇಲ್ಲವೋ. ಅವರನ್ನು ದೂರುತ್ತಿಲ್ಲ. ಗುಂಡಿ ತೊಳೆದು ಹೊಲಿದ ಮನುಷ್ಯ ಅವರು. 'ಅದು ಅವರದು' ಎಂದ ಮನುಷ್ಯ, ಈಗ ಅವರದಲ್ಲದ ಕೋಟಿನಲ್ಲಿ ಮಲಗಿದ್ದಾರೆ. ಗೊತ್ತಾಗಿದ್ದರೆ ಎದ್ದು ಬಂದು ವಾಪಸು ಕೊಡುತ್ತಿದ್ದರೋ, ಇಲ್ಲಾ, ಸದ್ಯ ಇದೇ ಬೇಕಿತ್ತು ಎಂದು ಗುಂಡಿ ಹಾಕಿಕೊಳ್ಳುತ್ತಿದ್ದರೋ? ಬೀದಿಯಲ್ಲಿ ನಡೆಯುವಾಗೆಲ್ಲ ಇದೇ ಯೋಚನೆ. ಒಂದು ಸಲ ಲಾರಿಯವನು ಹಾರ್ನ್ ಹೊಡೆದು ಬೈದ.

ಶುಕ್ರವಾರ ಟ್ರಂಪೆಟ್ಟಿನವರು ಅಂಗಡಿಗೆ ಬಂದರು. ಅವರು ಏನೂ ಆಗಿಲ್ಲವೆಂಬಂತೆ ಬಿಳಿ ಶರ್ಟನ್ನು ಕಟ್ಟೆಯ ಮೇಲೆ ಹಾಕಿದರು. 'ನಾಳೆ ಸಂಜೆಗೆ. ಊದೋದಿದೆ.'

'ಸ್ವಂತದ್ದೇ ಕೊಡ್ತೀವಿ ಈ ಸಲ' ಎಂದಳು ದೊಡ್ಡಮ್ಮ.

'ಯಾರಾದ್ರೂ ಸಾಯೋ ಹಾಗಿದ್ರೆ ಮೊದಲೇ ಹೇಳಿ, ಹಳೇದು ಕೊಡ್ತೀನಿ' ಎಂದರು ಅವರು.

ಈ ಸಲ ನಾನು ನಕ್ಕೆ. ನಗು ಬಂದದ್ದು ನನಗೇ ಆಶ್ಚರ್ಯ. ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಬೆರಳೆತ್ತಿ ತೋರಿಸಿದರು, ಶಾಲೆಯ ಮೇಷ್ಟ್ರ ಹಾಗೆ. ಬಾಯಿ ಮುಚ್ಚಿದೆ.

ನಿನ್ನೆ ಆ ಶರ್ಟನ್ನು ನಾನೇ ಇಸ್ತ್ರಿ ಮಾಡಿದೆ. ಕಾಲರಿನ ಮೇಲೆ ಪೆಟ್ಟಿಗೆ ಎಳೆದೆ, ಬೆಳಕಿಗೆ ಹಿಡಿದೆ, ಹೆಬ್ಬೆರಳು ಓಡಿಸಿದೆ. ಕೈ ತಾನಾಗಿ ನೀರಿನ ಬಟ್ಟಲಿನ ಕಡೆಗೆ ಹೋಯಿತು, ಇನ್ನೊಂದ್ಸಲಕ್ಕೆ. ತಡೆದೆ. ಹ್ಯಾಂಗರಿಗೆ ಹಾಕಿದೆ. ದಾರ ಬಿಚ್ಚಿದೆ. ತಡೆಯುವುದಕ್ಕೆ ಮಾಡುವುದಕ್ಕಿಂತ ಹೆಚ್ಚು ಬಲ ಬೇಕೆಂದು ನಿನ್ನ ಪ್ರಸಂಗಗಳಲ್ಲಿ ಯಾರಿಗಾದರೂ ಹೇಳಿದ್ದೀಯಾ? ಕೂತವರಿಗೆ ಅದು ತಿಳಿಯುವುದಿಲ್ಲ. ಆಮೇಲೆ ದಿನವಿಡೀ ಆ ಕಾಲರು ಸರಿಯಿಲ್ಲ ಎನಿಸುತ್ತಲೇ ಇತ್ತು. ಅವರು ಬಂದು ನೋಡದೆಯೇ ಒಯ್ದರು.

ಅಪ್ಪನ ಕೋಟು ನನ್ನ ಕೋಣೆಯ ಬಾಗಿಲ ಹಿಂದೆ ಇದೆ. ತೋಳಿನ ಮಡಿಕೆ ಮತ್ತೆ ಒಳಗೆ ಹೊಲಿದಿಲ್ಲ. ನಿನಗೆ ಬೇಕಾದರೆ ತಿಳಿಸು. ನಿನ್ನ ಕೈ ಅವರದಕ್ಕಿಂತ ಉದ್ದ.

ಇನ್ನು ಮುಗಿಸುತ್ತೇನೆ. ನಿನ್ನ ಮಗಳ ಕೆಮ್ಮು ಬೇಗ ಹೋಗಲಿ. ನಿನ್ನ ಹೆಂಡತಿಗೆ ನನ್ನ ಪ್ರೀತಿ ಹೇಳು. ಗುಂಡಿ ಎಂದದ್ದಕ್ಕೆ ಕೋಪ ಬೇಡವೆಂದೂ ಹೇಳು. ನಿನ್ನ ಸಭೆಯ ಸೂರು ಸೋರದೆ ಇರಲಿ, ನಿನ್ನ ಗಂಟಲು ಗಟ್ಟಿಯಾಗಿರಲಿ, ನಿನ್ನ ಮಾತು ಬೇಕಾದವರಿಗೆ ಬೇಕಾದ ದಿನವೇ ತಲುಪಲಿ. ನನ್ನಂಥವಳ ಹರಕೆ ಮೇಲಕ್ಕೆ ಹೋಗುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಹೋಗುತ್ತದೆಂದು ನೀನು ನಂಬುತ್ತೀಯ. ಇಬ್ಬರಿ‌ಗೆ ಅದು ಸಾಕಾಗಬಹುದು.

ನಿನ್ನ
ಅಕ್ಕ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಡಿಸಿ ಇದನ್ನು ಬರೆಯುತ್ತಿದ್ದೇನೆ.

ಅಪ್ಪ ಹೋದ ದಿನ ಅವರ ಕಿವಿಗೆ ಫೋನು ಹಿಡಿದಿದ್ದವಳು ನಾನು, ಎಡಗೈಯಲ್ಲಿ. ಬೆಳಿಗ್ಗೆಯಿಂದ ಅವರು ಶರ್ಟಿನ ಕಾಲರನ್ನು ಕೆರೆಯುತ್ತಿದ್ದರು. ಒಂದು ತುದಿ ಒಳಕ್ಕೆ ಮಡಿಸಿಕೊಂಡು ಕತ್ತಿಗೆ ಚುಚ್ಚುತ್ತಿತ್ತು. ನೀನು ಫೋನಿನಲ್ಲಿ ಅಳುತ್ತ ಮಾತಾಡುತ್ತಿದ್ದಾಗ ನಾನು ಬಲಗೈಯಿಂದ ಆ ತುದಿಯನ್ನು ಹೊರಗೆ ತೆಗೆದು, ಅವರು ಕಲಿಸಿದ ಹಾಗೆ ಹೆಬ್ಬೆರಳಿನಿಂದ ನೀವಿದೆ. ಆಗ ಅವರು 'ಸರಿ' ಎಂದರು. ಕಣ್ಣು ಮುಚ್ಚಿದ್ದವು. ಫೋನಿನ ಆ ಕಡೆಯಿಂದ ನೀನು 'ಅಕ್ಕಾ, ಕೇಳಿದ್ಯಾ, ಅಪ್ಪ ಸರಿ ಅಂದ್ರು!' ಎಂದು ಕೂಗಿದೆ. 'ಹೂಂ, ಅಂದ್ರು' ಎಂದೆ. ಆ 'ಸರಿ' ನಿನ್ನದಲ್ಲದೆ ಬೇರೆಯವರದಿರಬಹುದೆಂದು ನನಗೆ ಹೊಳೆಯಲೇ ಇಲ್ಲ. ಟ್ರಂಪೆಟ್ಟಿನವರು ಬೈದು ಬಾಗಿಲು ಹಾಕಿದ ದಿನ, ಆ ಮೆಟ್ಟಿಲಿಳಿಯುವಾಗ, ಅಪ್ಪ ಸರಿ ಎಂದಾಗ ನನ್ನ ಹೆಬ್ಬೆರಳು ಎಲ್ಲಿತ್ತೆಂದು ನೆನಪಾಯಿತು.

ನಿನ್ನಿಂದ ಅದನ್ನು ಕಿತ್ತುಕೊಳ್ಳಲು ಬರೆಯುತ್ತಿಲ್ಲ. ಅದು ಯಾರಿಗೆಂದು ಅವರನ್ನು ಕೇಳುವ ಹಾಗಿಲ್ಲ, ಸಾಬೀತು ಮಾಡುವ ಹಾಗಿಲ್ಲ. ನೀನು ಕೇಳಿದ ಕೂಡಲೇ ತೆಗೆದುಕೊಂಡೆ. ನಾನು ಈಗ ಕೈ ಚಾಚಿ, ಹಿಂದೆಳೆದು, ಮತ್ತೆ ಚಾಚುತ್ತಿದ್ದೇನೆ. ಆ ಪ್ರಸಂಗ ಇನ್ನೊಮ್ಮೆ ಮಾಡುವಾಗ ಒಂದು ವಾಕ್ಯ ಮಾತ್ರ ಸೇರಿಸು: ಆಗ ಅವರ ಕಾಲರಿನ ಮೇಲೆ ನನ್ನ ಅಕ್ಕನ ಕೈ ಇತ್ತು. ಅಷ್ಟು ಹೇಳಿ ಮುಂದಕ್ಕೆ ಹೋಗು. ಅರ್ಥ ಹೇಳಬೇಡ.